ಅರವತ್ತನಾಲ್ಕು ಬೈಟುಗಳ ಲೆಕ್ಕ

ನೆಟ್‌ವರ್ಕ್ ವಿಷಯವನ್ನು ನಮಗೆ ಕಲಿಸಿದ ಮೇಡಂ ಪಠ್ಯದಲ್ಲಿ ಬರುವ ಯಾವ ಸಂಖ್ಯೆಯನ್ನೂ ಬಾಯಿಪಾಠ ಮಾಡಲು ಬಿಡುತ್ತಿರಲಿಲ್ಲ. ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸುವ ಈಥರ್‌ನೆಟ್ ಜಾಲದಲ್ಲಿ ಫ್ರೇಮ್, ಅಂದರೆ ಒಂದು ಸಲಕ್ಕೆ ಕಳಿಸುವ ದತ್ತಾಂಶದ ಕಟ್ಟು, 64 ಬೈಟುಗಳಿಗಿಂತ ಚಿಕ್ಕದಾಗಿರಕೂಡದು ಎಂದು ಯಾರಾದರೂ ಹೇಳಿದರೆ, ‘ಸರಿ, ಆದರೆ ಈ 64 ಎಲ್ಲಿಂದ ಬಂತು?’ ಎಂದು ಕೇಳಿ, ತರಗತಿಯೇ ಉತ್ತರ ಕಂಡುಕೊಳ್ಳುವವರೆಗೆ ಕಾಯುತ್ತಿದ್ದರು. ಇಂದು ನೆಟ್‌ವರ್ಕ್ ಚಿಪ್‌ಗಳ ವಿನ್ಯಾಸವನ್ನು ಪರಿಶೀಲಿಸುವುದೇ ನನ್ನ ವೃತ್ತಿ. ತಂತಿಗೆ ಫ್ರೇಮ್‌ಗಳನ್ನು ಕಳಿಸುವ, ಅಲ್ಲಿಂದ ಪಡೆಯುವ ಮೀಡಿಯಾ ಆಕ್ಸೆಸ್ ಕಂಟ್ರೋಲರ್, ಅಂದರೆ ರೂಢಿಯಲ್ಲಿ ಮ್ಯಾಕ್ ಎನ್ನುವ ಆ ಭಾಗ ನನಗೆ ಅರ್ಥವಾದದ್ದು ಮೇಡಂ ಅವರ ಆ ಪ್ರಶ್ನೆಯಿಂದಲೇ.

ಆಗ ನಮ್ಮ ಪ್ರಯೋಗಾಲಯದ ಕಂಪ್ಯೂಟರುಗಳೆಲ್ಲ ಒಂದೇ ತೆಳು ಕೋಆಕ್ಸಿಯಲ್ ಕೇಬಲ್ಲಿಗೆ ಜೋಡಣೆಯಾಗಿದ್ದವು. ಅದರ ಎರಡೂ ತುದಿಗಳಲ್ಲಿ ಸಂಕೇತ ಪ್ರತಿಫಲಿಸದಂತೆ ತಡೆಯುವ 50 ಓಮ್‌ಗಳ ಟರ್ಮಿನೇಟರ್ ಇತ್ತು. 1973ರಲ್ಲಿ ಝೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ರೂಪಿಸತೊಡಗಿದ ವ್ಯವಸ್ಥೆಯ ತಿರುಳೂ ಇದೇ: ತಂತಿ ಎಲ್ಲರದು, ಅದರ ಮೇಲೆ ಯಜಮಾನಿಕೆ ಯಾರದೂ ಅಲ್ಲ. ಆದ್ದರಿಂದ ಯಾವಾಗ ಕಳಿಸಬೇಕೆಂಬುದನ್ನು ಪ್ರತಿ ಕಾರ್ಡಿನಲ್ಲಿರುವ ಮ್ಯಾಕ್ ತಾನೇ ನಿರ್ಧರಿಸಬೇಕು. ತಂತಿಯಲ್ಲಿ ಬೇರೆಯವರ ಸಂಕೇತವಿದ್ದರೆ ಅದು ಕಾಯುತ್ತದೆ. ತಂತಿ ಖಾಲಿಯಾದ ಮೇಲೂ 96 ಬಿಟ್‌ಗಳನ್ನು ಕಳಿಸಲು ಹಿಡಿಯುವಷ್ಟು ಕಾಲ ಬಿಟ್ಟು ಕಳಿಸತೊಡಗುತ್ತದೆ. ಕಳಿಸುತ್ತಿರುವಾಗ ಇನ್ನೊಬ್ಬರ ಸಂಕೇತದೊಂದಿಗೆ ಡಿಕ್ಕಿಯಾಯಿತೆಂದು ತಿಳಿದರೆ, ಅದನ್ನು ಎಲ್ಲರಿಗೂ ಸಾರುವ 32 ಬಿಟ್‌ಗಳ ಜಾಮ್ ಸಂಕೇತವನ್ನು ಕೊಟ್ಟು ನಿಲ್ಲಿಸುತ್ತದೆ.

ಡಿಕ್ಕಿಯ ಸುದ್ದಿ ಫ್ರೇಮ್ ಮುಗಿಯುವುದಕ್ಕೆ ಮೊದಲೇ ಕಳಿಸಿದವನಿಗೆ ಮುಟ್ಟಬೇಕು, ಇಲ್ಲವಾದರೆ ಫ್ರೇಮ್ ಸುರಕ್ಷಿತವಾಗಿ ತಲುಪಿತೆಂದೇ ಅವನು ತಿಳಿಯುತ್ತಾನೆ. ಮೇಡಂ ಕಪ್ಪುಹಲಗೆಯ ಮೇಲೆ 2500 ಮೀಟರ್ ಉದ್ದದ, ನಡುವೆ ಸಂಕೇತವನ್ನು ಬಲಪಡಿಸಿ ಮುಂದೆ ಕಳಿಸುವ ನಾಲ್ಕು ರಿಪೀಟರುಗಳಿರುವ ಜಾಲವೊಂದನ್ನು ಬರೆದು, ಈ ತುದಿಯ ಸಂಕೇತ ಆ ತುದಿಯನ್ನು ಮುಟ್ಟುವ ತುಸು ಮುಂಚೆ ಅಲ್ಲಿನ ಯಂತ್ರವೂ ಕಳಿಸತೊಡಗಿದರೆ ಏನಾಗುತ್ತದೆ ಎಂದು ಕೇಳಿದರು. ಆಗ ಡಿಕ್ಕಿಯ ಸುಳಿವು ಅಷ್ಟೂ ದೂರ ಹಿಂದಕ್ಕೆ ಬರಬೇಕು. ಕೇಬಲ್, ರಿಪೀಟರ್, ಕಾರ್ಡನ್ನು ತಂತಿಗೆ ಕೂಡಿಸುವ ಟ್ರಾನ್ಸೀವರ್‌ಗಳ ವಿಳಂಬವನ್ನೆಲ್ಲ ಕೂಡಿಸಿ, ಸ್ವಲ್ಪ ಹೆಚ್ಚುವರಿಯನ್ನೂ ಸೇರಿಸಿ, ಈ ಹೋಗಿಬರುವ ಕಾಲವನ್ನು 512 ಬಿಟ್‌ಗಳೆಂದು ಗೊತ್ತುಮಾಡಿದ್ದಾರೆ. ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ ಅದು 51.2 ಮೈಕ್ರೊಸೆಕೆಂಡ್. 512 ಬಿಟ್ ಎಂದರೆ 64 ಬೈಟ್. ಅದರಲ್ಲಿ ಎರಡು ವಿಳಾಸಗಳಿಗೆ ತಲಾ 6, ಪ್ರಕಾರ ಅಥವಾ ಉದ್ದವನ್ನು ಹೇಳಲು 2, ಕೊನೆಯಲ್ಲಿ ದೋಷ ಪತ್ತೆಗೆಂದು ಇರುವ ಸಿಆರ್‌ಸಿಗೆ 4 ಕಳೆದರೆ ದತ್ತಾಂಶಕ್ಕೆ 46 ಉಳಿಯುತ್ತದೆ. ಇನ್ನೊಂದು ಯಂತ್ರದ ಈಥರ್‌ನೆಟ್ ವಿಳಾಸವನ್ನು ಕೇಳುವ ಎಆರ್‌ಪಿ ಕೋರಿಕೆಯ ಉದ್ದ ಬರೀ 28 ಬೈಟ್ ಆದ್ದರಿಂದ, ಫ್ರೇಮಿಗೆ ಇನ್ನೂ 18 ಬೈಟ್ ಪ್ಯಾಡಿಂಗ್ ತುಂಬಿಸಿಯೇ ಕಳಿಸಬೇಕಾಗುತ್ತದೆ. ಪುಸ್ತಕದ ಬೇರೆ ಬೇರೆ ಪುಟಗಳಲ್ಲಿ ಚದರಿದ್ದ ಈ ಅಂಕಿಗಳು ಒಂದರಿಂದ ಇನ್ನೊಂದು ಹುಟ್ಟಿದ್ದನ್ನು ಕಂಡ ಆ ದಿನದ ಸಂತೋಷ ಇನ್ನೂ ನನ್ನಲ್ಲಿದೆ.

ಡಿಕ್ಕಿಯಾದ ಮೇಲೆ ಕಾಯುವ ಕ್ರಮವೂ ಇದೇ 512 ಬಿಟ್‌ಗಳ ಅಳತೆಯಲ್ಲಿ ನಡೆಯುತ್ತದೆ. ಮೊದಲ ಡಿಕ್ಕಿಯ ನಂತರ ಸೊನ್ನೆ ಅಥವಾ ಒಂದು ಅಳತೆ, ಎರಡನೆಯದರ ನಂತರ ಸೊನ್ನೆಯಿಂದ ಮೂರರವರೆಗೆ, ಹೀಗೆ ಹತ್ತನೆಯ ಡಿಕ್ಕಿಯ ಹೊತ್ತಿಗೆ 1023ರವರೆಗಿನ ಯಾವುದಾದರೊಂದು ಸಂಖ್ಯೆಯನ್ನು ಮ್ಯಾಕ್ ಯಾದೃಚ್ಛಿಕವಾಗಿ ಆರಿಸಿಕೊಂಡು ಅಷ್ಟು ಕಾಲ ಸುಮ್ಮನಿರುತ್ತದೆ. ಹದಿನಾರನೆಯ ಪ್ರಯತ್ನವೂ ವಿಫಲವಾದರೆ ಫ್ರೇಮನ್ನು ಕೈಬಿಟ್ಟು, ಅದನ್ನು ಮೇಲಿನ ತಂತ್ರಾಂಶಕ್ಕೆ ತಿಳಿಸುತ್ತದೆ.

ಅಂತಿಮ ವರ್ಷದಲ್ಲಿ ನಮ್ಮ ತಂಡ ಸಿಆರ್‌ಸಿ ಸರ್ಕ್ಯೂಟನ್ನು ಬ್ರೆಡ್‌ಬೋರ್ಡ್ ಮೇಲೆ ಕಟ್ಟಿತು. ಸಿಆರ್‌ಸಿಯನ್ನು ಲೆಕ್ಕಹಾಕುವ 32 ಬಿಟ್‌ಗಳ ಬಹುಪದಿಗೆ ಬೇಕಾದದ್ದು ತಲಾ ಒಂದು ಬಿಟ್ ಹಿಡಿದಿಡುವ 32 ಫ್ಲಿಪ್‌ಫ್ಲಾಪ್ ಮತ್ತು ಎರಡು ಬಿಟ್‌ಗಳನ್ನು ಹೋಲಿಸುವ 14 ಎಕ್ಸ್‌ಆರ್ ಗೇಟ್ ಮಾತ್ರ; 7474 ಚಿಪ್‌ಗಳು ಹದಿನಾರು, 7486 ನಾಲ್ಕು. ಎಲ್ಲ ಫ್ಲಿಪ್‌ಫ್ಲಾಪ್‌ಗಳನ್ನೂ ಒಂದಕ್ಕೆ ಹೊಂದಿಸಿ, ಗುಂಡಿ ಒತ್ತಿ ಒಂದೊಂದೇ ಬಿಟ್ಟನ್ನು ಒಳಗೆ ಬಿಟ್ಟರೆ, ಎಲ್‌ಇಡಿಗಳ ಸಾಲು ಪ್ರತಿ ಒತ್ತಿಗೂ ಬದಲಾಗುತ್ತಿತ್ತು. ಸ್ವೀಕರಿಸುವ ಕಡೆಯ ಮ್ಯಾಕ್ ಫ್ರೇಮನ್ನು ಅದರ ಸಿಆರ್‌ಸಿಯ ಸಮೇತ ಇಂಥದೇ ಸರ್ಕ್ಯೂಟಿನಲ್ಲಿ ಹಾಯಿಸುತ್ತದೆ. ಯಾವ ಬಿಟ್ಟೂ ಕೆಟ್ಟಿರದಿದ್ದರೆ, ಫ್ರೇಮಿನಲ್ಲಿ ಏನೇ ಇದ್ದರೂ, ಆ ಫ್ಲಿಪ್‌ಫ್ಲಾಪ್‌ಗಳ ಸಾಲಿನಲ್ಲಿ, ಅಂದರೆ ರಿಜಿಸ್ಟರಿನಲ್ಲಿ, ಕೊನೆಗೆ ಒಂದೇ ನಿಶ್ಚಿತ ಮೌಲ್ಯ ಉಳಿಯುತ್ತದೆ. ಮೂಲ ದತ್ತಾಂಶವನ್ನು ತಿಳಿಯದೆಯೇ ಅದು ಸರಿಯಾಗಿ ಬಂದಿದೆಯೆಂದು ಇಷ್ಟು ಕಡಿಮೆ ಗೇಟುಗಳಿಂದ ನಿರ್ಣಯಿಸುವ ಈ ಉಪಾಯ, ನನ್ನ ಮಟ್ಟಿಗೆ, ಮ್ಯಾಕ್‌ನೊಳಗಿನ ಅತ್ಯಂತ ಸುಂದರವಾದ ಭಾಗ.

ವೇಗ ಹೆಚ್ಚಿದಂತೆ 512 ಬಿಟ್‌ಗಳ ನಿಯಮ ಇಕ್ಕಟ್ಟಾಯಿತು. 100 ಮೆಗಾಬಿಟ್‌ನಲ್ಲಿ ಆ ಕಾಲ 5.12 ಮೈಕ್ರೊಸೆಕೆಂಡಿಗೆ ಇಳಿದುದರಿಂದ ಹಂಚಿಕೆಯ ಜಾಲದ ವ್ಯಾಪ್ತಿ ಸುಮಾರು 200 ಮೀಟರಿಗೆ ಕುಗ್ಗಿತು. ಫ್ರೇಮನ್ನು ಬೇಕಾದ ಯಂತ್ರದತ್ತ ಕಳಿಸುವ ಸ್ವಿಚ್‌ಗಳು ಬಂದು, ಪ್ರತಿ ಯಂತ್ರಕ್ಕೂ ಕಳಿಸಲು ಮತ್ತು ಪಡೆಯಲು ಬೇರೆ ಬೇರೆ ಹಾದಿಗಳು ದೊರೆತ ಮೇಲೆ ಡಿಕ್ಕಿಯ ಮಾತೇ ಉಳಿಯಲಿಲ್ಲ. ಆದರೂ ಹಳೆಯ ಉಪಕರಣಗಳೊಂದಿಗೆ ಹೊಂದಾಣಿಕೆ ಬೇಕಾದ್ದರಿಂದ 64 ಬೈಟುಗಳ ಕನಿಷ್ಠ ಮಿತಿ ಉಳಿಯಿತು, ಈಗ ಅದು ವಿನ್ಯಾಸಕಾರರಿಗೆ ಬೇರೊಂದು ಬಗೆಯಲ್ಲಿ ಮುಖ್ಯವಾಗಿದೆ. ಫ್ರೇಮಿನ ಮುಂದೆ ಹೋಗುವ ಪೀಠಿಕೆಯ 8 ಮತ್ತು ಫ್ರೇಮ್‌ಗಳ ನಡುವೆ ಬಿಡುವ ಅಂತರದ 12 ಬೈಟುಗಳನ್ನು ಸೇರಿಸಿದರೆ ಅತಿ ಚಿಕ್ಕ ಫ್ರೇಮ್ ತಂತಿಯಲ್ಲಿ 672 ಬಿಟ್‌ಗಳಷ್ಟು ಜಾಗ ಹಿಡಿಯುತ್ತದೆ; ಗಿಗಾಬಿಟ್ ವೇಗದಲ್ಲಿ ಸೆಕೆಂಡಿಗೆ ಅಂಥ 14,88,095 ಫ್ರೇಮ್‌ಗಳು ಬರಬಹುದು. ವಿಳಾಸ ತನ್ನದೇ ಎಂದು ನೋಡುವುದು, ಸಿಆರ್‌ಸಿಯ ತೀರ್ಪು ಪಡೆಯುವುದು, ಡಿಎಂಎ ಮೂಲಕ, ಅಂದರೆ ಪ್ರೊಸೆಸರಿನ ನೆರವಿಲ್ಲದೆ ನೇರವಾಗಿ, ಮುಖ್ಯ ಸ್ಮೃತಿಗೆ ಬರೆಯುವುದು, ಫ್ರೇಮನ್ನು ಸ್ಮೃತಿಯಲ್ಲಿ ಎಲ್ಲಿ ಇಡಬೇಕೆಂದು ಹೇಳುವ ಡಿಸ್ಕ್ರಿಪ್ಟರಿನ ಒಡೆತನವನ್ನು ತಂತ್ರಾಂಶಕ್ಕೆ ಬಿಟ್ಟುಕೊಟ್ಟು ಮುಂದಿನದನ್ನು ತರುವುದು, ಈ ಯಾವ ಹಂತವೂ ಒಂದು ಫ್ರೇಮಿಗೆ 672 ನ್ಯಾನೊಸೆಕೆಂಡ್‌ಗಳಿಗಿಂತ ಹೆಚ್ಚು ಹಿಡಿಯುವಂತಿಲ್ಲ. ಹಿಡಿದರೆ ಬಂದ ಫ್ರೇಮ್‌ಗಳು ಸರದಿಯಲ್ಲಿ ಕಾಯುವ ಎಫ್‌ಐಎಫ್‌ಒ ತುಂಬಿ, ಹೊಸ ಫ್ರೇಮ್‌ಗಳು ಬಿದ್ದುಹೋಗಿ ಕಳೆದುಹೋಗತೊಡಗುತ್ತವೆ.