ಮೂರನೇ ಮೆಟ್ಟಿಲು

"ಬ್ಯಾರೆ ಹಾಡು ಬರೂದಿಲ್ಲೇನ್ರಿ ನಿಮಗ?"

ಭಾನುವಾರದಿಂದ ಈ ಮಾತು ಕಿವಿಯಲ್ಲೇ ಕೂತಿದೆ. ಕೇಳಿದ್ದು ನನ್ನ ತಂಗಿಯ ಅತ್ತೆ, ಕೇಳಿಸಿಕೊಂಡಿದ್ದು ನಮ್ಮ ದೊಡ್ಡವ್ವ. ತಂಗಿ ಅಂದ್ರೆ ಚಿಕ್ಕವ್ವನ ಮಗಳು. ಅವಳಿಗೆ ಏಳನೇ ತಿಂಗಳು, ಗದಗದ ಹತ್ತಿರ ಅವಳ ಗಂಡನ ಊರಲ್ಲಿ ಕುಬಸ, ಅಂದ್ರೆ ಸೀಮಂತ ಇತ್ತು. ಹೋಳಿಗೆ ಊಟ ಮುಗಿದಿತ್ತು, ಉಡಿ ತುಂಬೋದೂ ಆಗಿತ್ತು. ಹಸಿರು ಸೀರೆ ಉಟ್ಟು, ಮೊಣಕೈ ತನಕ ಹಸಿರು ಬಳೆ ಹಾಕಿಕೊಂಡು ಅವಳು ಕೂತಿದ್ದಳು. ಹುಡುಗರಿಗೆ ರೀಲ್ಸ್ ಬೇಕಿತ್ತು. "ಆಯಿ, ಒಂದು ಹಳೇ ಹಾಡು ಹಾಡು" ಅಂತ ದೊಡ್ಡವ್ವನ ಮುಂದೆ ಫೋನ್ ಹಿಡಿದರು.

ದೊಡ್ಡವ್ವ ಗಂಟಲು ಸರಿ ಮಾಡಿಕೊಂಡು 'ಕೆರೆಗೆ ಹಾರ' ಶುರು ಮಾಡಿದಳು.

ಸೊಸೆಯನ್ನು ಕೆರೆಗೆ ಬಲಿ ಕೊಡುವ ಹಾಡು. ಬಸುರಿ ಸೊಸೆಯ ಕುಬಸದಲ್ಲಿ. ಬೀಗರ ಮನೆಯಲ್ಲಿ. ದೊಡ್ಡವ್ವನಿಗೆ ಹೊತ್ತು ಗೊತ್ತು ಅನ್ನೋದು ಯಾವತ್ತೂ ತಿಳಿದಿಲ್ಲ, ಅಥವಾ ಎಲ್ಲರಿಗಿಂತ ಚೆನ್ನಾಗಿ ತಿಳಿದಿದೆ. ಎರಡರಲ್ಲಿ ಯಾವುದು ಅಂತ ನನಗಿನ್ನೂ ತೀರ್ಮಾನ ಆಗಿಲ್ಲ.

ಶಾಲೆಯಲ್ಲಿ ಓದಿದವರಿಗೆ ಕತೆ ಗೊತ್ತೇ ಇದೆ. ಮಲ್ಲನಗೌಡ ಕೆರೆ ಕಟ್ಟಿಸ್ತಾನೆ, ಒಂದು ಹನಿ ನೀರು ಬರೋದಿಲ್ಲ. ಹೊತ್ತಿಗೆ ತೆಗೆಸಿ ಶಾಸ್ತ್ರ ಕೇಳಿದರೆ ಸೊಸೆಯನ್ನು ಕೊಡಬೇಕು ಅಂತ ಬರುತ್ತೆ. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನ ಮಾಡೋರು ಯಾರು ಅಂತ ಲೆಕ್ಕ ಹಾಕಿ ಕಿರಿಸೊಸೆ ಭಾಗೀರಥಿಯನ್ನು ಆರಿಸ್ತಾರೆ. ಶಾಲೆಯಲ್ಲಿ ಇದನ್ನು 'ತ್ಯಾಗ' ಅಂತ ಬರೆದು ಮಾರ್ಕ್ಸ್ ತಗೊಂಡಿದ್ವಿ. ಅವತ್ತು ಕೂತು ಕೇಳಿದಾಗ ಅದರಲ್ಲಿ ತ್ಯಾಗ ಎಲ್ಲಿದೆ ಅಂತ ಹುಡುಕಬೇಕಾಯ್ತು. ಅವಳನ್ನು ಯಾರೂ ಕೇಳಲೇ ಇಲ್ಲವಲ್ಲ.

ಅವಳು ತವರಿಗೆ ಓಡ್ತಾಳೆ. ಯಾಕವ್ವಾ ಮುಖ ಬಾಡಿದೆ ಅಂತ ಅಪ್ಪ ಕೇಳ್ತಾನೆ. ಅತ್ತೆ ಮಾವ ನಮ್ಮನ್ನ ಬೇರೆ ಇಡ್ತಾರಂತೆ ಅಂತ ಸುಳ್ಳು ಹೇಳ್ತಾಳೆ. ಇಟ್ಟರೆ ಇಡಲಿ, ಹೊಲ ಮನೆ ಕೊಡ್ತೀನಿ ಅಂತಾನೆ ಅಪ್ಪ. ಅವ್ವ ಒಡವೆ ಕೊಡ್ತೀನಿ ಅಂತಾಳೆ. ಎಲ್ಲರೂ ಒಳ್ಳೆಯವರೇ, ಎಲ್ಲರೂ ಕೊಡೋದಕ್ಕೆ ತಯಾರು. ಕೊನೆಗೆ ಗೆಳತಿಯ ಹತ್ತಿರ ಮಾತ್ರ ನಿಜ ಬಾಯಿ ಬಿಡ್ತಾಳೆ, ನನ್ನ ಕೆರೆಗೆ ಹಾರ ಕೊಡ್ತಾರಂತೆ ಅಂತ. ಗೆಳತಿ ಏನಂತಾಳೆ?

"ಕೊಟ್ಟರ ಕೊಡಲೇಳು, ಇಟ್ಟಾಂಗ ಇರಬೇಕು."

ಆಗ ತಂಗಿ ತಲೆ ಎತ್ತಿ ನನ್ನ ಕಡೆ ನೋಡಿದಳು. ಅಥವಾ ನನಗೆ ಹಾಗನಿಸಿತು. ಯಾಕಂದ್ರೆ ಮದುವೆಯಾದ ಮೊದಲ ವರ್ಷ ಅವಳು ಒಂದು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದಳು, ಅಕ್ಕಾ ನಂಗ ಇಲ್ಲಿ ಆಗವಲ್ದು ಅಂತ. ಮರುದಿನ ನನಗೆ ಆಫೀಸಲ್ಲಿ ಆಡಿಟ್. "ಮೊದಮೊದ್ಲು ಹಂಗ ಆಕ್ಕತಿ, ಹೊಂದಿಕೊಂಡು ಹೋಗು" ಅಂದು ಮಲಗಿದ್ದೆ. ಏನಾಯ್ತು ಅಂತ ಕೂಡ ಕೇಳಲಿಲ್ಲ. ಮತ್ತೆ ಅವಳೂ ಹೇಳಲಿಲ್ಲ, ಎಲ್ಲ ಸರಿ ಹೋಯ್ತು ಅಂತ ನಾನು ಅಂದುಕೊಂಡೆ.

ದೊಡ್ಡವ್ವ ಮುಂದುವರಿಸಿದಳು. ಗಂಗವ್ವನ ಪೂಜೆ ಆಯ್ತು, ಎಲ್ಲರೂ ಉಂಡು ಹೊರಟರು, ಬಂಗಾರದ ಬಟ್ಟಲು ಅಲ್ಲೇ ಉಳಿಯಿತು. ತರೋದಕ್ಕೆ ಭಾಗೀರಥಿ ಹೋದಳು. ಬಟ್ಟಲು ಎತ್ತಿಕೊಂಡು ಒಂದು ಮೆಟ್ಟಿಲು ಏರಿದಳು, ಎರಡು ಏರಿದಳು, ಹಿಂದೆಯೇ ನೀರು ಏರಿತು. ಮೂರನೇ ಮೆಟ್ಟಿಲಿಗೆ ಬಂದಾಗ ಆ ಪ್ರಶ್ನೆ ಬಂತು. ಬ್ಯಾರೆ ಹಾಡು ಬರೂದಿಲ್ಲೇನ್ರಿ ನಿಮಗ?

ತಂಗಿಯ ಅತ್ತೆ ಕೆಟ್ಟವರಲ್ಲ. ಬೇಡ ಅಂದರೂ ಹೋಳಿಗೆ ಮೇಲೆ ತುಪ್ಪ ಸುರಿಯೋ ಜನ. ಸ್ವಲ್ಪ ಜೋರು, ಅಷ್ಟೇ. ಸಂಜೆಯಾದರೆ ಅವರು ಧಾರಾವಾಹಿ ಮುಂದೆ ಕೂರ್ತಾರೆ. ಅಲ್ಲಿ ವಾರಕ್ಕೊಂದು ಸಲ ಸೊಸೆಯ ಹಾಲಿಗೆ ವಿಷ ಬೀಳುತ್ತೆ, ಇವರು ಅದನ್ನು ನೋಡ್ತಾ ಚಹಾ ಕುಡೀತಾರೆ. ಏನೂ ಆಗೋದಿಲ್ಲ. ಅಲ್ಲಿ ಯಾವಾಗ ಅಳಬೇಕು ಅಂತ ಪಿಟೀಲು ಹೇಳಿಕೊಡುತ್ತೆ, ಯಾರು ಕೆಟ್ಟವರು ಅಂತ ಹುಬ್ಬು ನೋಡಿದರೆ ತಿಳಿಯುತ್ತೆ. ಅಳ್ತೀವಿ, ನಾವಂತೂ ಹಾಗಲ್ಲಪ್ಪ ಅಂತ ಹಗುರಾಗಿ ಎದ್ದು ಅಡುಗೆಗೆ ಹೋಗ್ತೀವಿ. ದೊಡ್ಡವ್ವನ ಹಾಡಿನಲ್ಲಿ ಪಿಟೀಲಿಲ್ಲ. ಅಪ್ಪ ಹೊಲ ಕೊಡ್ತೀನಿ ಅನ್ನೋದಕ್ಕೂ, ನೀರು ಮೊಣಕಾಲಿಗೆ ಬರೋದಕ್ಕೂ ಒಂದೇ ಧಾಟಿ. ಒಬ್ಬ ಖಳನಾಯಕನೂ ಇಲ್ಲ ಬೈಯೋದಕ್ಕೆ. ಹಾಗಾಗಿ ನಾವು ಎಲ್ಲಿದ್ದೀವಿ ಅಂತ ಅದರೊಳಗೆ ಹುಡುಕ್ತೀವಿ, ಸಿಕ್ಕಿಬೀಳ್ತೀವಿ. ಅತ್ತೆಯವರು ಎಲ್ಲಿ ಸಿಕ್ಕಿಬಿದ್ದರೋ ಗೊತ್ತಿಲ್ಲ. ನಾನಂತೂ ಗೆಳತಿಯ ಮನೆ ಹೊಸ್ತಿಲಲ್ಲಿ.

ನಮಗೆ ಕಸಿವಿಸಿ ಆಗೋ ಹಾಡುಗಳನ್ನು ಪಳಗಿಸೋದು ಚೆನ್ನಾಗಿ ಬರುತ್ತೆ. ಬೇಂದ್ರೆಯವರು ಮಗುವನ್ನು ಕಳಕೊಂಡ ದುಃಖದಲ್ಲಿ, ಹೆಂಡತಿಯ ನೋಟ ತಾಳಲಾರದೆ ಬರೆದ 'ನೀ ಹೀಂಗ ನೋಡಬ್ಯಾಡ ನನ್ನ' ಹಾಡನ್ನು ಎಷ್ಟೋ ಜನ ಪ್ರೇಮಗೀತೆ ಅಂತಲೇ ಗುನುಗ್ತಾರೆ. 'ಮಾಯದಂಥ ಮಳೆ ಬಂತಣ್ಣ'ದಲ್ಲಿ ಕೆರೆಯ ಗಂಗೆ ನಾ ನಿಲ್ಲುವಳಲ್ಲ, ಓಡಿ ಹೋಗಿ ಸುದ್ದಿ ಕೊಡಿ ಅಂತ ಕೂಗಿ ಹೇಳ್ತಾಳೆ. ನಾವು ಕಾಲೇಜ್ ಡೇಗೆ ಅದಕ್ಕೇ ಕುಣಿದ್ವಿ, ನಾನು ಮುಂದಿನ ಸಾಲಿನಲ್ಲಿದ್ದೆ. ಆದರೆ ಹಾಡೋರು ಎದುರಿಗೇ ಕೂತು, ವಾದ್ಯ ಇಲ್ಲದೆ, ನಿಮ್ಮ ಮುಖ ನೋಡ್ತಾ ಹಾಡಿದರೆ ಕುಣಿಯೋದಕ್ಕೆ ಜಾಗ ಸಿಗೋದಿಲ್ಲ.

ಆ ಪ್ರಶ್ನೆಗೆ ದೊಡ್ಡವ್ವ ಸಿಟ್ಟಾಗಲಿಲ್ಲ. "ಬರ್ತಾವ್ರಿ, ಬೇಕಾದಷ್ಟ ಬರ್ತಾವ. ಆದ್ರ ಇದು ಅರ್ಧಕ್ಕ ನಿಂತೈತಿ. ಮುಗಸ್ಲಿಲ್ಲಂದ್ರ ಆಕಿ ಮೆಟ್ಟಲ ಮ್ಯಾಲೇ ನಿಂತಿರ್ತಾಳಲ್ರೀ" ಅಂದಳು.

ಯಾರೂ ಮಾತಾಡಲಿಲ್ಲ. ಯಾರೋ ಚಹಾ ಅಂದರು. ದೊಡ್ಡವ್ವ ಲೋಟ ಇಸಕೊಂಡಳು, ಹಾಡು ಅಲ್ಲೇ ನಿಂತಿತು.

ವಿಡಿಯೋ ನನ್ನ ಫೋನಿಗೂ ಬಂದಿದೆ. ಬೆಂಗಳೂರಿಗೆ ಬರುವ ಬಸ್ಸಲ್ಲಿ ನಿದ್ದೆ ಬರದೆ ಎಷ್ಟು ಸಲ ನೋಡಿದೆನೋ. ನನಗೆ ಬೇಕಿದ್ದದ್ದು ಆ ಗೆಳತಿಯ ಸಾಲು ಬಂದಾಗ ತಂಗಿ ನಿಜವಾಗಿ ನನ್ನ ಕಡೆ ನೋಡಿದಳಾ ಅನ್ನೋದು. ಹಿಂದೆ ಸರಿಸಿ ಮತ್ತೆ ಹಾಕಿದೆ. ಫೋನ್ ಪೂರ್ತಿ ದೊಡ್ಡವ್ವನ ಮೇಲಿದೆ, ಪಕ್ಕದಲ್ಲಿ ಹಸಿರು ಬಳೆ ಹಾಕಿದ ಒಂದು ಕೈ ಮಾತ್ರ ಕಾಣುತ್ತೆ. ಆ ಸಾಲಿನಲ್ಲಿ ಬಳೆ ಸದ್ದು ಮಾಡುತ್ತೆ. ಅಷ್ಟೇ.

ನಿನ್ನೆ ಅವಳಿಗೆ ಫೋನ್ ಮಾಡಿದೆ. ಹೋಳಿಗೆ ಕೆಡದೆ ಬಂತಾ, ಬಸ್ಸು ತಡ ಆಯ್ತಾ, ಇಂಥದ್ದೇ ಮಾತು. ಆಮೇಲೆ ಧೈರ್ಯ ಮಾಡಿ, ಆ ರಾತ್ರಿ ನೀ ಫೋನ್ ಮಾಡಿದ್ದೆಲ್ಲ, ಏನಾಗಿತ್ತು ಅಂತ ಕೇಳಿದೆ.

"ಯಾವ ರಾತ್ರಿ?" ಅಂದಳು. ಸ್ವಲ್ಪ ಹೊತ್ತು ಸುಮ್ನಿದ್ದಳು. "ಬರೂ ವಾರ ತವರಿಗೆ ಬರ್ತೀನಲ್ಲಕ್ಕ, ನೀನೂ ಬಾ. ದೊಡ್ಡವ್ವನ ಕಡೆ ಆ ಹಾಡು ಪೂರ್ತಿ ಹಾಡಸೂಣು. ಇಲ್ಲಿ ಬ್ಯಾಡ."

ರಜೆಗೆ ಬರೆದುಕೊಟ್ಟಿದ್ದೇನೆ.