ಗೋಡೆಯ ಮೇಲಿನ ಮಾನ್ಸೂನ್

ಸಕ್ಕರೆ ಕಾಯಿಲೆ ಹೆದರಿಕೆಗೆ ನಾನು ಬಾಕ್ಸಿಂಗ್ ಕ್ಲಾಸಿಗೆ ಸೇರಿದೆ. ನನಗೆ 41 ವರ್ಷ. ದಿನವಿಡೀ ಕೂತು ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆಯುವ ಕೆಲಸ. ಡಾಕ್ಟರು ವಾಕಿಂಗ್ ಮಾಡಿ ಅಂದರು. ಹಲಸೂರು ಕೆರೆ ಸುತ್ತ ನಾಲ್ಕು ದಿನ ನಡೆದೆ, ಬೇಜಾರಾಯಿತು. ನಮ್ಮ ರಸ್ತೆಯಲ್ಲೇ ಒಂದು ಹಾರ್ಡ್‌ವೇರ್ ಅಂಗಡಿ ಇದೆ. ಅದರ ಮಹಡಿ ಮೇಲಿಂದ ಬೆಳಿಗ್ಗೆ ಆರಕ್ಕೆಲ್ಲಾ ದಬ್ ದಬ್ ಸದ್ದು ಬರುತ್ತಿತ್ತು. ಒಂದು ದಿನ ಹತ್ತಿ ನೋಡಿದೆ. ಕಾಲೇಜು ಹುಡುಗರ ಮಧ್ಯೆ ಚೂಡಿದಾರ ಹಾಕಿಕೊಂಡು ನಿಂತ ನನ್ನನ್ನು ಮಾಸ್ಟರ್ ಮೇಲಿಂದ ಕೆಳಗೆ ನೋಡಿ, "ಸ್ಕಿಪ್ಪಿಂಗ್ ಬರತ್ತೇನಮ್ಮಾ?" ಅಂದರು. ಬರುತ್ತಿರಲಿಲ್ಲ.

ಮಾಸ್ಟರ್ ಸೇನೆಯಲ್ಲಿದ್ದು ರಿಟೈರ್ ಆದವರು. ಅವರ ಗೋಡೆಯ ಮೇಲೆ ಆಂಜನೇಯ ಇದ್ದಾನೆ, ಶನಿವಾರ ಅವನಿಗೆ ಹೂವು. ಪಕ್ಕದಲ್ಲಿ ಅಲಿ, ಟೈಸನ್, ಪೇಪರಿನಿಂದ ಕತ್ತರಿಸಿದ ಮೇರಿ ಕೋಮ್. ಇವರೆಲ್ಲರಿಗಿಂತ ಮೇಲೆ, ಫ್ರೇಮ್ ಹಾಕಿಸಿದ ಒಂದು ಕಪ್ಪು ಬಿಳುಪು ಫೋಟೋ. ಉದ್ದ ಕೈ, ಚೂಪು ಮುಖ, ನಗು ಇಲ್ಲ.

"ಯಾರು ಮಾಸ್ಟರ್ ಇದು?"

"ಮಾನ್ಸೂನ್ ಅಮ್ಮಾ. ಅರ್ಜೆಂಟೀನಾ."

ಎರಡು ತಿಂಗಳು ನಾನು ಅದು ಮಳೆಗಾಲದ ಹೆಸರೇ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಕಾರ್ಲೋಸ್ ಮೊನ್ಸೋನ್. ಮಾಸ್ಟರ್‌ಗೆ ಅವನೇ ದೇವರು. ನಾನು ಅವಸರ ಮಾಡಿ ಕೈ ಬೀಸಿದಾಗಲೆಲ್ಲಾ ಫೋಟೋ ತೋರಿಸುತ್ತಿದ್ದರು. "ಅವನು ಓಡಾಡಲ್ಲ, ಕುಣಿಯಲ್ಲ. ಎಡಗೈಯಲ್ಲಿ ದೂರ ಇಡ್ತಾನೆ. ಬಲಗೈ ನೇರ. ಅಷ್ಟೇ."

ಒಂದು ರಾತ್ರಿ ಲೆಕ್ಕದ ಕೆಲಸ ಮುಗಿಸಿ ಅವನ ಬಗ್ಗೆ ಹುಡುಕುತ್ತಾ ಕೂತೆ. ಹುಟ್ಟಿದ್ದು 1942ರಲ್ಲಿ, ಸಾಂತಾ ಫೆ ಪ್ರಾಂತ್ಯದ ಸಾನ್ ಹಾವಿಯೇರ್ ಎಂಬ ಊರಿನ ಬಡ ಮನೆಯಲ್ಲಿ. ಒಟ್ಟು 100 ಪಂದ್ಯ. ಗೆಲುವು 87, ಅದರಲ್ಲಿ ನಾಕೌಟ್ 59. ಡ್ರಾ 9, ಫಲಿತಾಂಶ ಇಲ್ಲದ್ದು 1, ಸೋಲು 3. ಕೂಡಿ ನೋಡಿದೆ, ಟ್ಯಾಲಿ ಆಯಿತು. ಕಸುಬಿನ ಚಟ. ಆ ಮೂರು ಸೋಲೂ ಶುರುವಿನ ದಿನಗಳವು. 1964ರ ನಂತರ ಅವನು ಸೋತೇ ಇಲ್ಲ. 1970ರಲ್ಲಿ ರೋಮ್‌ಗೆ ಹೋಗಿ, ಅಲ್ಲಿಯವರ ಕಣ್ಮಣಿ ನೀನೋ ಬೆನ್ವೆನೂತಿಯನ್ನು 12ನೇ ರೌಂಡಿನಲ್ಲಿ ಮಲಗಿಸಿ ಮಿಡಲ್‌ವೇಟ್ ಪಟ್ಟ ತೆಗೆದುಕೊಂಡ. ಮರುವರ್ಷ ಅದೇ ಬೆನ್ವೆನೂತಿಯ ಕಡೆಯವರು ಮೂರನೇ ರೌಂಡಿಗೇ ಸೋಲೊಪ್ಪಿ ಟವೆಲ್ ಎಸೆದರು. ಪಾಪ, ಅವನು ಆ ಟವೆಲ್ಲನ್ನು ಒದ್ದು ಆಚೆ ಹಾಕಿದ. ಆದರೂ ಪಂದ್ಯ ನಿಂತಿತು. ಪ್ಯಾರಿಸ್‌ನಲ್ಲಿ ಮೊನ್ಸೋನನ ಒಂದು ಪಂದ್ಯ ಏರ್ಪಡಿಸಿದವನು ಸಿನಿಮಾ ನಟ ಅಲಾಂ ದೆಲೋನ್. 14 ಸಲ ಪಟ್ಟ ಉಳಿಸಿಕೊಂಡು, 1977ರಲ್ಲಿ ಚಾಂಪಿಯನ್ ಆಗಿದ್ದಾಗಲೇ ಆಟ ಬಿಟ್ಟ.

ಇಲ್ಲಿಗೆ ನಿಲ್ಲಿಸಿ ಮಲಗಬೇಕಿತ್ತು.

1988ರ ಫೆಬ್ರವರಿ 14, ಮಾರ್ ದೆಲ್ ಪ್ಲಾತಾ ಎಂಬ ಕಡಲ ತೀರದ ಊರು. ಬೇಸಿಗೆಗೆ ಬಾಡಿಗೆ ಹಿಡಿದ ಮನೆ. ಬೆಳಗಿನ ಜಾವ ಬಾಲ್ಕನಿಯಿಂದ ಬಿದ್ದು ಆಲಿಸಿಯಾ ಮುನ್ಯೀಸ್ ಸತ್ತಳು. ಉರುಗ್ವೆಯವಳು, ಅವನಿಂದ ದೂರವಾಗಿದ್ದ ಹೆಂಡತಿ, ಇಬ್ಬರಿಗೂ ಒಬ್ಬ ಚಿಕ್ಕ ಮಗ. ಮೊನ್ಸೋನನೂ ಕೆಳಗೆ ಬಿದ್ದು ಮೂಳೆ ಮುರಿದುಕೊಂಡಿದ್ದ. ಆದರೆ ಅವಳು ಬೀಳುವ ಮೊದಲೇ ಕತ್ತು ಹಿಸುಕಿದ ಗುರುತು ಶವಪರೀಕ್ಷೆಯಲ್ಲಿ ಸಿಕ್ಕಿತು. (ಪ್ರೇಮಿಗಳ ದಿನ ಅನ್ನುವುದನ್ನು ಎಲ್ಲರೂ ಮರೆಯದೆ ಬರೆಯುತ್ತಾರೆ. ಅದರಲ್ಲಿ ಏನು ರುಚಿಯೋ.) ನಾನು ನೋಡಿದೆ ಅಂತ ಸಾಕ್ಷಿ ಹೇಳಿದವನು ರಸ್ತೆಯಲ್ಲಿ ರಟ್ಟು ಆಯುವವನು. ಅವನ ಮಾತು ನಂಬಬೇಕೋ ಬೇಡವೋ ಅಂತ ದೇಶವೇ ಕೂತು ಜಗಳವಾಡಿತು. 1989ರಲ್ಲಿ ಕೋರ್ಟು ಮೊನ್ಸೋನನಿಗೆ 11 ವರ್ಷ ಶಿಕ್ಷೆ ಕೊಟ್ಟಿತು. ಅವನು ಜೈಲಿನಲ್ಲಿದ್ದಾಗಲೇ, 1990ರಲ್ಲಿ, ಅಮೆರಿಕದ ಬಾಕ್ಸಿಂಗ್ ಹಾಲ್ ಆಫ್ ಫೇಮ್ ಮೊದಲ ಪಟ್ಟಿಯಲ್ಲೇ ಅವನ ಹೆಸರು ಸೇರಿಸಿತು.

1995ರ ಜನವರಿಯಲ್ಲಿ ರಜೆ ಮೇಲೆ ಹೊರಗೆ ಬಂದಿದ್ದ. ಜೈಲಿಗೆ ವಾಪಸು ಹೋಗುವಾಗ ಕಾರು ಮಗುಚಿ ಸತ್ತ. 52 ವರ್ಷ. ಸಾವಿರಾರು ಜನ ಮೆರವಣಿಗೆಗೆ ಬಂದರು. ಸಾಂತಾ ಫೆ ನಗರದಲ್ಲಿ ಅವನ ಪ್ರತಿಮೆ ಇದೆ.

ಓದಿ ಮುಗಿಸಿದಾಗ ಒಂದೂವರೆ ಗಂಟೆ. ನನಗೆ ನೆನಪಾದದ್ದು ಅರ್ಜೆಂಟೀನಾ ಅಲ್ಲ, ನಮ್ಮ ಹಳೇ ವಠಾರ.

ಆರು ಮನೆ, ಒಂದು ನಲ್ಲಿ. ಮೂರನೇ ಮನೆಯವರನ್ನು ಮಕ್ಕಳೆಲ್ಲಾ ಕಪ್ ಮಾಮ ಅನ್ನುತ್ತಿದ್ದೆವು. ಕಿಟಕಿ ತುಂಬಾ ಹಿತ್ತಾಳೆ ಕಪ್ಪುಗಳು. ಮಾಮ ಬಾಕ್ಸರ್. ಆಟಗಾರರ ಕೋಟಾದಲ್ಲಿ ಫ್ಯಾಕ್ಟರಿ ಕೆಲಸ ಸಿಕ್ಕಿತ್ತು. ಆಡುವವರೆಗೆ ಡ್ಯೂಟಿ ಬೆಳಿಗ್ಗೆ ಮಾತ್ರ, ಹಾಲು ಮೊಟ್ಟೆ ಬೇರೆ. ಮಂಡಿ ಹೋಯಿತು, ಆಟ ನಿಂತಿತು, ಶಿಫ್ಟಿಗೆ ಹಾಕಿದರು. ಮೇಸ್ತ್ರಿಯೊಬ್ಬ ಎಲ್ಲರ ಎದುರು "ಏನ್ ಚಾಂಪಿಯನ್, ಪೊರಕೆ ಹಿಡಿ" ಅಂದನಂತೆ. ಇದನ್ನು ಅಪ್ಪ ತುಂಬಾ ಸಲ ಹೇಳುತ್ತಿದ್ದರು, ಮಾಮನ ಪರವಾಗಿ.

ಸಂಬಳದ ದಿನ ಮೂರನೇ ಮನೆಯಿಂದ ಸದ್ದು ಬರುತ್ತಿತ್ತು. ಕೂಗಾಟಕ್ಕಿಂತ ಪಾತ್ರೆ ಬೀಳುವ ಸದ್ದೇ ಜಾಸ್ತಿ. ಅಜ್ಜಿ "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಅಂದು ಟಿವಿ ವಾಲ್ಯೂಮ್ ಏರಿಸುತ್ತಿದ್ದರು. ಮಾರನೇ ದಿನ ಅತ್ತೆ ನಲ್ಲಿ ಹತ್ತಿರ ಬರುತ್ತಿದ್ದರು. ಮಾಮನ ಹೆಂಡತಿಯಾದ್ದರಿಂದ ನಮಗೆಲ್ಲಾ ಅವರು ಅತ್ತೆ. ಒಂದು ಸಲ ಬಲಗೈಗೆ ಬಟ್ಟೆ ಸುತ್ತಿತ್ತು. ಒಗೆಯೋ ಕಲ್ಲ ಮೇಲೆ ಜಾರಿದೆ ಅಂದರು. ಅಮ್ಮ ಏನೂ ಕೇಳಲಿಲ್ಲ, ಅವರ ಕೊಡ ತುಂಬಿಸಿ ಕೊಟ್ಟಳು. ಆ ಶುಕ್ರವಾರವೂ ಅತ್ತೆ ಮೆಟ್ಟಿಲ ಮೇಲೆ ಕೂತು, ಹುಣಸೆಹಣ್ಣು ಹಾಕಿ ಎಲ್ಲಾ ಕಪ್ಪುಗಳನ್ನು ಎಡಗೈಯಲ್ಲೇ ಉಜ್ಜಿದರು. ಎಷ್ಟು ಹೊಳೆಯುತ್ತಿದ್ದವು ಅಂದರೆ, ನಾವು ಅದರಲ್ಲಿ ಮುಖ ನೋಡಿಕೊಂಡು ಹಲ್ಲು ಕಿಸಿಯುತ್ತಿದ್ದೆವು.

ಮಾಮ ಸತ್ತಾಗ ದೊಡ್ಡ ಹಾರ ಬಂತು. ಬಂದವರೆಲ್ಲಾ "ಎಂಥಾ ಆಟಗಾರ, ಕುಡಿತ ಹಾಳು ಮಾಡ್ತು" ಅಂದರು. ನಾನೂ ತಲೆ ಆಡಿಸಿದೆ.

ಮಾಸ್ಟರ್ ಬಳಿ ಕೇಳದೆ ಇರಲು ಆಗಲಿಲ್ಲ. ಹುಡುಗರು ಹೋದ ಮೇಲೆ, ಕೈಗೆ ಸುತ್ತಿದ ಪಟ್ಟಿ ಬಿಚ್ಚುತ್ತಾ ಕೇಳಿದೆ. "ನಿಮಗೆ ಗೊತ್ತಾ ಮಾಸ್ಟರ್, ಆಲಿಸಿಯಾ ವಿಷಯ?"

"ಗೊತ್ತಮ್ಮಾ. ರಿಂಗ್ ಬಿಟ್ಟ ಮೇಲೆ ಬಾಕ್ಸರ್ ಕೆಡ್ತಾನೆ. ತಲೆಗೆ ಎಷ್ಟು ಏಟು ಬಿದ್ದಿರತ್ತೆ, ನಿಮಗೆ ಗೊತ್ತಾಗಲ್ಲ."

ಅವರ ಮಾತು ಸುಳ್ಳಲ್ಲ. ಜೋ ಲೂಯಿಸ್ ಕಥೆ ಹೇಳಿದ್ದೂ ಅವರೇ. 1937ರಿಂದ 1949ರವರೆಗೆ ಹೆವಿವೇಟ್ ಚಾಂಪಿಯನ್, 25 ಸಲ ಪಟ್ಟ ಉಳಿಸಿಕೊಂಡವನು. ತೆರಿಗೆ ಸಾಲ ತೀರಿಸಲಾಗದೆ ಮುದುಕನಂತಾಗಿ ಮತ್ತೆ ರಿಂಗಿಗೆ ಇಳಿದ. 1970ರಲ್ಲಿ ಮನೋರೋಗದ ಆಸ್ಪತ್ರೆ ಸೇರಿದ. ಕೊನೆಗೆ ಲಾಸ್ ವೇಗಸ್‌ನ ಕ್ಯಾಸಿನೋ ಒಂದರಲ್ಲಿ ಬಂದವರ ಕೈ ಕುಲುಕುವ ಕೆಲಸ. ಇದನ್ನು ಕೇಳಿದಾಗ ನನಗೆ ಗಂಟಲು ಕಟ್ಟಿತ್ತು. ಅಲ್ಲಿ "ಪಾಪ" ಅನ್ನಬಹುದು. ಇಲ್ಲಿ ಯಾರಿಗೆ ಅನ್ನಬೇಕು ಅನ್ನುವುದೇ ನನ್ನ ತಕರಾರು.

"ರಿಂಗ್ ಬಿಟ್ಟ ಮೇಲೆ ಅಲ್ಲ ಮಾಸ್ಟರ್," ಅಂದೆ. "1973ರಲ್ಲಿ, ಪಟ್ಟ ಇದ್ದಾಗಲೇ, ಮೊದಲನೇ ಹೆಂಡತಿ ಅವನಿಗೆ ಗುಂಡು ಹೊಡೆದಿದ್ಲು. ಆ ಮನೇಲಿ ಏನು ನಡೀತಿದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ವಾ?"

ಮಾಸ್ಟರ್ ಗ್ಲೌಸುಗಳನ್ನು ಜೋಡಿ ಮಾಡಿ ಮೊಳೆಗೆ ನೇತು ಹಾಕುತ್ತಾ ಇದ್ದರು. ತುಂಬಾ ಹೊತ್ತಾದ ಮೇಲೆ, "ಆಗ ಅವೆಲ್ಲಾ ಮನೆ ವಿಷಯ ಅನ್ನೋರು" ಅಂದರು. ಇಲ್ಲೂ ಅಲ್ಲೂ ಒಂದೇ. ಹೆಣ್ಣಿನ ಮೇಲಿನ ದೌರ್ಜನ್ಯದಲ್ಲಿ ಗಂಡಸು ಅವಳನ್ನು ಕೊಂದರೆ ಅದು ಬೇರೆಯೇ ಘೋರ ಅಪರಾಧ ಅಂತ ಅರ್ಜೆಂಟೀನಾದ ಕಾನೂನಿನಲ್ಲಿ ಸೇರಿದ್ದು 2012ರಲ್ಲಿ.

ಫೋಟೋ ತೆಗೆಯಿರಿ ಅಂತ ನಾನು ಹೇಳಲಿಲ್ಲ. ಅವರೂ ತೆಗೆದಿಲ್ಲ. ಗೋಡೆ ಅವರದು, ಫೀಸು ಮಾತ್ರ ನನ್ನದು. ಆದರೆ ನಾನು ಅವಸರ ಮಾಡಿದಾಗ ಈಗ ಅವರು ಅತ್ತ ಕೈ ತೋರಿಸುವುದಿಲ್ಲ. "ಬಲಗೈ ನೇರ" ಅನ್ನುತ್ತಾರೆ, ಅಷ್ಟೇ. ಆ ಹೊಡೆತ ಈಗ ನನಗೆ ಚೆನ್ನಾಗಿ ಬರುತ್ತದೆ. ಅವನದೇ ಹೊಡೆತ. ಅದನ್ನು ಏನು ಮಾಡಲಿ?

ನವೆಂಬರಿನಲ್ಲಿ ಅತ್ತೆಯ ಮನೆಗೆ ಹೋಗಿದ್ದೆ. ಈಗ ಹೊರಮಾವಿನಲ್ಲಿ ಮಗಳ ಜೊತೆ ಇದ್ದಾರೆ. ಮಾಮನ ಪಿಎಫ್ ಪೆನ್ಷನ್ ಅವರಿಗೆ ಬರುತ್ತದೆ. ವರ್ಷಕ್ಕೊಂದು ಸಲ ಬದುಕಿದ್ದೇನೆ ಅಂತ ಪ್ರಮಾಣಪತ್ರ ಕೊಡಬೇಕಲ್ಲ, ಅದನ್ನು ನಾನೇ ಮಾಡಿಕೊಡುವುದು. ಬೆರಳಚ್ಚಿನ ಮಿಷನ್ನಿಗೆ ಬಲಗೈ ಹೆಬ್ಬೆರಳು ಹಿಡಿಯಲಿಲ್ಲ. ತೋರುಬೆರಳು ನೆಟ್ಟಗೆ ಕೂರಲಿಲ್ಲ. ಎಡಗೈಯಲ್ಲಿ ಆಯಿತು.

ಕಾಫಿ ಕುಡಿಯುತ್ತಾ ಬಾಲ್ಕನಿ ಕಡೆ ನೋಡಿದೆ. ಎರಡು ಹಿಡಿಯ ದೊಡ್ಡ ಕಪ್ಪು, ಕಪ್ಪಗೆ ಕಿಲುಬು ಹಿಡಿದು ಕೂತಿತ್ತು. ಅದರ ತುಂಬಾ ದೊಡ್ಡಪತ್ರೆ ಗಿಡ.

"ಒಂದೇ ಇಟ್ಕೊಂಡ್ರಾ ಅತ್ತೆ?"

"ಮಿಕ್ಕಿದ್ದು ತೂಕಕ್ಕೆ ಹಾಕಿದೆ. ಇದು ಮಣ್ಣು ಜಾಸ್ತಿ ಹಿಡಿಯತ್ತೆ ಅಂತ ಇಟ್ಕೊಂಡೆ. ತಳದಲ್ಲಿ ನೀರು ನಿಂತು ಬೇರು ಕೊಳೀತಿತ್ತು ಕಣೆ. ಡ್ರಿಲ್ಲಿಂಗ್ ಹುಡುಗನ್ನ ಕರೆದು ತೂತು ಹೊಡೆಸಿದೆ, ಐವತ್ತು ರೂಪಾಯಿ ತಗೊಂಡ. ಎಲೆ ಕಿತ್ಕೊಡ್ಲಾ, ತಂಬುಳಿ ಮಾಡ್ಕೊ."