ರಾಣಿಗೆ ಇಬ್ಬರು ಯಜಮಾನರು

ನಮ್ಮ ಪತ್ರಿಕೆಯ ಸುದ್ದಿ ಡೆಸ್ಕಿನಲ್ಲಿ ಇವತ್ತಿಗೂ ಯಾರಾದರೂ ನನ್ನ ಕಾಪಿ, ಅಂದರೆ ನಾನು ಬರೆದದ್ದು, ನೋಡುವಾಗ "ಯಜಮಾನರು ಎಲ್ಲೂ ಇಲ್ಲ ತಾನೇ?" ಅಂತ ಕೇಳುತ್ತಾರೆ. ಹೊಸಬರಿಗೆ ಅರ್ಥವಾಗುವುದಿಲ್ಲ. ಹಳಬರು ನಗುತ್ತಾರೆ. ನಾನೂ ನಗುತ್ತೇನೆ, ಆದರೆ ಒಳಗೆ ಎಲ್ಲೋ ಚುರ್ ಅನ್ನುತ್ತದೆ.

2022ರ ಸೆಪ್ಟೆಂಬರ್ 8, ಗುರುವಾರ. ನನಗೆ ಸೆಕೆಂಡ್ ಶಿಫ್ಟ್. ಸಂಜೆ ಐದರ ಸುಮಾರಿಗೆ ಫ್ಲ್ಯಾಶ್ ಬಂತು. ಎಲಿಜಬೆತ್ ರಾಣಿಯ ಆರೋಗ್ಯದ ಬಗ್ಗೆ ವೈದ್ಯರಿಗೆ ಆತಂಕ, ಸ್ಕಾಟ್ಲೆಂಡಿನ ಬಾಲ್ಮೊರಲ್ ಅರಮನೆಯಲ್ಲಿ ನಿಗಾ. ಅರಮನೆಯವರು ಬಾಯಿಬಿಟ್ಟು ಅಷ್ಟು ಹೇಳಿದರೆ ಏನರ್ಥ ಅಂತ ಡೆಸ್ಕ್ ನೋಡಿಕೊಳ್ಳುವ ನಮ್ಮ ಚೀಫ್ ಸಬ್ ಎಡಿಟರ್‌ಗೆ ಗೊತ್ತು. "ಒಂದು ಸ್ಪೆಷಲ್ ಪೇಜ್ ಕಟ್ಟಿಡಿ. ಬೇಕಾದ್ರೆ ಬಿಡೋಣ" ಅಂದರು. 1961ರ ಬೆಂಗಳೂರು ಭೇಟಿ, ಲಾಲ್‌ಬಾಗ್, ನಂದಿಬೆಟ್ಟ ಎಲ್ಲ ಸೀನಿಯರ್‌ಗಳ ಪಾಲಾಯಿತು. ರಾಣಿಯ ಗಂಡ ಫಿಲಿಪ್ ಇನ್ನೊಬ್ಬರಿಗೆ ಹೋದರು. ನನಗೆ ಉಳಿದದ್ದು ಕೆಳಗಡೆ ಮೂಲೆಯ ಬಾಕ್ಸ್. "ಏನಾದ್ರೂ ಬೇರೆ ಥರದ್ದು ಕೊಡಿ. ಎಲ್ಲ ಪೇಪರಲ್ಲೂ ಬರೋದು ಬೇಡ."

ಬೇರೆ ಥರದ್ದು ನನ್ನ ಹತ್ತಿರ ಇತ್ತು. ಬ್ರಿಟಿಷ್ ನೌಕಾಪಡೆಯಲ್ಲಿ ಜೀವಮಾನ ಕಳೆದು, ಆಮೇಲೆ ಅರಮನೆ ಚಾಕರಿಗೆ ಬಂದವರ ಕಥೆ ನನಗೆ ಮೊದಲಿಂದ ಇಷ್ಟ. ಅದರಲ್ಲೂ ಪೀಟರ್ ಆಶ್ಮೋರ್. 1921ರಲ್ಲಿ ಹುಟ್ಟಿದ್ದು. ಅಪ್ಪನೂ ನೌಕಾಪಡೆ, ಅಮ್ಮ ರಷ್ಯಾದವರು. ಡಾರ್ಟ್‌ಮತ್ ನೌಕಾ ಕಾಲೇಜು, ಎರಡನೇ ಮಹಾಯುದ್ಧದಲ್ಲಿ ಶೌರ್ಯ ಪದಕ. ಯುದ್ಧ ಮುಗಿದ ಮೇಲೆ, 1946ರಿಂದ ಎರಡು ವರ್ಷ ರಾಣಿಯ ಅಪ್ಪ ಆರನೇ ಜಾರ್ಜ್ ದೊರೆಯ ಜೊತೆ ಎ.ಡಿ.ಸಿ. ಥರದ, ಅಂದರೆ ಜೊತೆಗಿರುವ ಸಹಾಯಕ ಅಧಿಕಾರಿಯ ಕೆಲಸ. ಆ ದೊರೆ ಕೂಡ ಹಡಗಿನವನೇ, ಹರೆಯದಲ್ಲಿ 1916ರ ಜಟ್‌ಲ್ಯಾಂಡ್ ನೌಕಾ ಕಾಳಗ ಕಂಡವನು. ಆಮೇಲೆ ಆಶ್ಮೋರ್ ಮತ್ತೆ ಸಮುದ್ರಕ್ಕೆ ಹೋದರು. ವೈಸ್ ಅಡ್ಮಿರಲ್ ಆಗುವವರೆಗೂ ಏರಿ, 1973ರಲ್ಲಿ ಮತ್ತೆ ಅರಮನೆಗೆ ಬಂದರು. ಬಂದ ಹುದ್ದೆಯ ಹೆಸರು 'ಮಾಸ್ಟರ್ ಆಫ್ ದಿ ಹೌಸ್‌ಹೋಲ್ಡ್'.

ಅಡುಗೆಮನೆ, ಊಟದ ಮೇಜು, ಪರಿಚಾರಕರು, ಹಾಸಿಗೆ ಹೊದಿಕೆ, ಬಂದವರಿಗೆ ಕೋಣೆ, ಎಲ್ಲ ಅವರ ಕೈಕೆಳಗೆ. ಬೇರೆ ದೇಶದ ಅಧ್ಯಕ್ಷರು ಬಂದರೆ ಕುದುರೆ ಲಾಳದ ಆಕಾರದ ಮೇಜಿನ ಸುತ್ತ ನೂರೈವತ್ತಕ್ಕೂ ಹೆಚ್ಚು ಜನರಿಗೆ ಔತಣ. ಬೇಸಿಗೆಯಲ್ಲಿ ಬಾಲ್ಮೊರಲ್, ಕ್ರಿಸ್‌ಮಸ್ ಕಾಲಕ್ಕೆ ಇನ್ನೊಂದು ಅರಮನೆ, ಸಂಸಾರ ಸಮೇತ ಸ್ಥಳಾಂತರ. ಹಡಗು ನಡೆಸಿದವರಿಗೆ ಇದೆಲ್ಲ ಹೊಸದಲ್ಲ, ಅಲ್ವಾ? ಅಲ್ಲೂ ಇಷ್ಟೇ. ಇಷ್ಟು ಜನ, ಇಷ್ಟು ಜಾಗ, ಗಂಟೆ ಹೊಡೆದ ತಕ್ಷಣ ಊಟ. 1977ರ ಬೆಳ್ಳಿಹಬ್ಬ, 1981ರ ಚಾರ್ಲ್ಸ್–ಡಯಾನಾ ಮದುವೆ ಎರಡೂ ಅವರ ಕಾಲದಲ್ಲೇ ಆದವು. ಇನ್ನೂ ಒಂದು ತಮಾಷೆ ಅಂದರೆ, ತಮ್ಮ ಪೀಟರ್ ಅರಮನೆ ಅಡುಗೆಮನೆ ನೋಡಿಕೊಳ್ಳುತ್ತಿದ್ದಾಗ ಅಣ್ಣ ಎಡ್ವರ್ಡ್ ಆಶ್ಮೋರ್ ಇಡೀ ನೌಕಾಪಡೆಯ ಮುಖ್ಯಸ್ಥ.

ಆ ಅಣ್ಣನ ಹುದ್ದೆ 'ಫಸ್ಟ್ ಸೀ ಲಾರ್ಡ್'. ಅದು ನೋಡಿದ ಕೂಡಲೇ ಹುಷಾರಾದೆ. 'ಮೊದಲ ಸಮುದ್ರ ಪ್ರಭು' ಅಂತ ಬರೆದರೆ ಮರ್ಯಾದೆ ಹೋಗುತ್ತೆ ಅಂತ ಗೊತ್ತಾಗಿ, 'ನೌಕಾಪಡೆ ಮುಖ್ಯಸ್ಥ' ಅಂತ ನೀಟಾಗಿ ಬರೆದೆ. ಕಷ್ಟದ ಪದ ಇರುವಲ್ಲಿ ನಾವು ಎಡವೋದು ಕಡಿಮೆ. ಸುಲಭ ಅಂದುಕೊಂಡಲ್ಲೇ ಬೀಳೋದು. ಮಾಸ್ಟರ್ ಅಂದರೆ ಯಜಮಾನ, ಹೌಸ್‌ಹೋಲ್ಡ್ ಅಂದರೆ ಮನೆ. ಯೋಚನೆ ಮಾಡುವಂಥದ್ದೇನಿದೆ?

ಬರೆದೆ: "ಆಶ್ಮೋರ್ 1973ರಿಂದ 13 ವರ್ಷ ರಾಣಿಯ ಮನೆ ಯಜಮಾನರಾಗಿದ್ದರು."

ಚೀಫ್ ಸಬ್ ಸ್ಕ್ರೀನ್ ಮೇಲೆ ಕಣ್ಣಾಡಿಸಿ "ಇದೇನ್ರೀ, ಯಜಮಾನ?" ಅಂತ ಕೇಳಿದ್ದರು. ಅಲ್ಲೇ ಬಚಾವಾಗಬಹುದಿತ್ತು. ನಾನು ಜಂಬದಿಂದ "ಅಫೀಷಿಯಲ್ ಹುದ್ದೆ ಸರ್, ಹಾಗೇ ಇರೋದು" ಅಂದೆ. ಅವರಿಗೆ ಅಷ್ಟರಲ್ಲಿ ಇನ್ನೊಂದು ಫೋನ್ ಬಂತು. ಪ್ರೂಫ್ ವಿಭಾಗ ಇದ್ದಿದ್ದರೆ ಅಲ್ಲಾದರೂ ಸಿಕ್ಕಿಬೀಳುತ್ತಿತ್ತು. ಅದನ್ನು ಖರ್ಚು ಜಾಸ್ತಿ ಅಂತ ಮುಚ್ಚಿ ಆಗಲೇ ಎರಡು ವರ್ಷವಾಗಿತ್ತು. "ಸಬ್‌ಗಳೇ ಓದಿಕೊಳ್ಳಲಿ" ಅಂತ ಮ್ಯಾನೇಜ್‌ಮೆಂಟ್‌ನಿಂದ ಮೇಲ್ ಬಂದಿತ್ತು. ನಾನೂ ಓದಿಕೊಂಡೆ. ಆದರೆ ಓದಿದ್ದು ಒತ್ತಕ್ಷರಗಳನ್ನು ಮಾತ್ರ. ಯೂನಿಕೋಡ್‌ನಿಂದ 'ನುಡಿ' ಫಾಂಟ್‌ಗೆ ಕನ್ವರ್ಟ್ ಮಾಡಿದಾಗ 'ಆಶ್ಮೋರ್' ಪ್ರತಿ ಸಲ ಒಡೆದು ಚೂರಾಗುತ್ತಿತ್ತು. ಏಳು ಕಡೆ ಕೈಯಲ್ಲಿ ಸರಿ ಮಾಡಿದೆ. ಆ ಹೆಸರಿನ ಪಕ್ಕದಲ್ಲೇ ಕೂತಿದ್ದ ಯಜಮಾನ ನನ್ನ ಕಣ್ಣಿಗೆ ಬೀಳಲಿಲ್ಲ.

ರಾತ್ರಿ ಹನ್ನೊಂದಕ್ಕೆ ಸುದ್ದಿ ಬಂತು. ಹೊರ ಊರುಗಳಿಗೆ ಹೋಗುವ ಡಾಕ್ ಎಡಿಷನ್ ಹಿಡಿದಿಟ್ಟಿದ್ದರು, ಸ್ಪೆಷಲ್ ಪೇಜ್ ತಕ್ಷಣ ಬಿಟ್ಟರು. ಹೆಡ್‌ಲೈನ್ ಬದಲಾಯಿಸು, ಫೋಟೊ ದೊಡ್ಡದು ಮಾಡು, ಜಾಹೀರಾತು ಎತ್ತು ಅಂತ ಒಂದೇ ಗದ್ದಲ. ನಾನು ಟೀ ಕುಡಿಯಲು ಎದ್ದೆ.

ಹನ್ನೊಂದು ನಲವತ್ತಕ್ಕೆ ಪೇಜ್ ಮಾಡುವ ಹುಡುಗ ಕರೆದ. ಸಿಟಿ ಎಡಿಷನ್‌ಗೆ ಬಾಕ್ಸಿನಲ್ಲಿ ಎರಡು ಸಾಲು ಕಟ್ ಮಾಡಬೇಕಿತ್ತು. "ಸರ್, ಒಂದು ಡೌಟು. ಫಿಲಿಪ್ ಇದ್ದಾಗಲೇ ಇವರೂ ಇದ್ರಾ?"

"ಯಾರು?"

"ಇವರು, ಯಜಮಾನರು."

ಓದಿದೆ. ಬೇರೆ ಯಾರೋ ಬರೆದದ್ದು ಅನ್ನುವ ಹಾಗೆ ಮೊದಲ ಸಲ ಓದಿದೆ. ಆಶ್ಮೋರ್ ರಾಣಿಯ ಮನೆ ಯಜಮಾನರಾಗಿದ್ದರು. ಸರಿ. ಮುಂದಿನ ಸಾಲು: "1982ರ ಜುಲೈನಲ್ಲಿ, ಯಜಮಾನರು ಅಧಿಕಾರದಲ್ಲಿದ್ದಾಗಲೇ, ಮೈಕೆಲ್ ಫೇಗನ್ ಎಂಬಾತ ಬೆಳ್ಳಂಬೆಳಗ್ಗೆ ರಾಣಿಯ ಮಲಗುವ ಕೋಣೆಗೆ ನುಗ್ಗಿದ್ದ." ಅದರ ಮುಂದಿನದು: "1986ರಲ್ಲಿ ಆಶ್ಮೋರ್ ನಿವೃತ್ತರಾದರು. ನೌಕಾಪಡೆಯವರೇ ಆದ ಪಾಲ್ ಗ್ರೀನಿಂಗ್ ಹೊಸ ಯಜಮಾನರಾದರು."

ನಮ್ಮ ಅಮ್ಮ ಇವತ್ತಿಗೂ ಅಪ್ಪನ ಹೆಸರು ಹೇಳುವುದಿಲ್ಲ. "ನಮ್ಮ ಯಜಮಾನರು" ಅನ್ನುತ್ತಾರೆ. ಇದು ಗೊತ್ತಿದ್ದೂ ಆರು ಗಂಟೆ ಕಾಲ ಆ ಬಾಕ್ಸ್ ಮುಂದೆ ಕೂತಿದ್ದೆ. ಕಿವಿ ಬಿಸಿಯಾಯಿತು. ಎ.ಸಿ. ಹಾಲ್‌ನಲ್ಲಿ ಬೆನ್ನಿಗೆ ಅಂಗಿ ಅಂಟಿಕೊಂಡಿತು. ಚೀಫ್ ಸಬ್ ಹತ್ತಿರ ಹೋಗಿ ನಿಂತೆ, ಬಾಯಿ ಬರಲಿಲ್ಲ. ಸುಮ್ನೆ ಪ್ರಿಂಟ್‌ಔಟ್ ಕೊಟ್ಟೆ. ಅವರು ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈತಾರೆ ಅಂದುಕೊಂಡೆ. ಭುಜ ಅಲುಗಾಡುತ್ತಿತ್ತು, ನಗುತ್ತಿದ್ದರು. ಬೈದಿದ್ದರೇ ವಾಸಿಯಿತ್ತು.

ಪ್ರೆಸ್‌ಗೆ ಫೋನ್ ಮಾಡಿದರೆ, ಡಾಕ್ ಮುಗಿದು ವ್ಯಾನ್‌ಗಳು ಗೇಟ್ ದಾಟಿದ್ದವು. ಸಿಟಿ ಎಡಿಷನ್‌ನ ಅಚ್ಚಿನ ಪ್ಲೇಟ್ ಇನ್ನೂ ಆಗಿರಲಿಲ್ಲ. ಹತ್ತು ನಿಮಿಷ ಕೊಟ್ಟರು. ಯಜಮಾನ ತೆಗೆದು ಏನು ಹಾಕೋದು? 'ಮೇಲ್ವಿಚಾರಕ' ಅಂದರೆ ಹಾಸ್ಟೆಲ್ ವಾರ್ಡನ್ ಆಗುತ್ತಾರೆ. 'ಆಡಳಿತಾಧಿಕಾರಿ' ಅಂದರೆ ತಾಲ್ಲೂಕು ಕಚೇರಿ. ಆಗ ಮೈಸೂರು ಕಡೆಯ ಸೀನಿಯರ್ ಒಬ್ಬರು ತಲೆ ಎತ್ತದೆ ಹೇಳಿದರು: "ನಮ್ಮಲ್ಲೇ ಅರಮನೆ ಇರಲಿಲ್ವೇನ್ರೀ? ದರ್ಬಾರ್ ಬಕ್ಷಿ ಇದ್ರು, ಹುಜೂರ್ ಸೆಕ್ರೆಟರಿ ಇದ್ರು, ಅರಮನೆ ಕಂಟ್ರೋಲರ್ ಇದ್ರು. ಅದರಲ್ಲೊಂದು ನೋಡಿ." 'ಅರಮನೆ ಕಂಟ್ರೋಲರ್' ಅಂತ ಹಾಕಿದೆ. ಅಳೆದು ಇಟ್ಟ ಹಾಗೆ ಕೂತಿತು. ಐದು ಗಂಟೆಗೇ ಎದ್ದು ಹೋಗಿ ಅವರನ್ನು ಕೇಳಿದ್ದರೆ ಎರಡು ನಿಮಿಷದ ಕೆಲಸ. ನಮ್ಮಿಬ್ಬರ ನಡುವೆ ಇದ್ದದ್ದು ಮೂರು ಕುರ್ಚಿ.

ಮಾರನೇ ದಿನ ಮೀಟಿಂಗ್‌ನಲ್ಲಿ ತಿದ್ದುಪಡಿ ಹಾಕಬೇಕೇ ಬೇಡವೇ ಅಂತ ಅರ್ಧ ಗಂಟೆ ಚರ್ಚೆ. "ಆಶ್ಮೋರ್ ಅವರು ರಾಣಿಯ ಯಜಮಾನರಲ್ಲ, ವಿಷಾದಿಸುತ್ತೇವೆ" ಅಂತ ಹಾಕಿದರೆ ನೋಡದೆ ಬಿಟ್ಟವರೂ ಹುಡುಕಿ ಓದುತ್ತಾರೆ ಅಂತ ಯಾರೋ ಅಂದರು. ಕೊನೆಗೆ ಹಾಕಲಿಲ್ಲ. ಹಾಕಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ, ಆದರೆ ಅವತ್ತು ಬಾಯಿ ತೆರೆಯುವ ಮುಖ ನನಗಿರಲಿಲ್ಲ.

ಮೀಟಿಂಗ್ ಮುಗಿಸಿ ಕೆಳಗೆ ಬಂದರೆ ಗೇಟಿನ ಸೆಕ್ಯುರಿಟಿಯವರು ರಿಜಿಸ್ಟರ್ ತೋರಿಸಿದರು. ಬೆಳಿಗ್ಗೆ ಹೊತ್ತು ಓದುಗರ ಫೋನ್ ಎತ್ತೋದು ಅವರೇ. ನೀಲಿ ಇಂಕಿನಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: "7.35. ಹಾಸನದಿಂದ. ರಾಣಿ ಗಂಡಂದಿರು ಒಟ್ಟು ಎಷ್ಟು? ವಾಪಸ್ ಫೋನ್ ಮಾಡಬೇಕಂತೆ."